ಆಮೆಗೆ ಬಣ್ಣ ಹೊಡೆಯುವ ಗನ್ನು

ಮಾರ್ಚ್ 3, ಬೆಳಿಗ್ಗೆ

ಎಂದಿನಂತೆ ಅಂಗಳಕ್ಕಿಳಿದು ಆಮೆಯ ಎಂಜಿನ್ ಹತ್ತು ನಿಮಿಷ ಓಡಿಸಿದೆ. ಇಪ್ಪತ್ತಾರು ವರ್ಷದ ಕಾರು, ಒಂದೇ ಕೀಲಿಗೆ ಎದ್ದಿತು. ನಾನು ಅಷ್ಟು ಸುಲಭಕ್ಕೆ ಏಳುವುದಿಲ್ಲ. ವೈಪರ್ ಹಾಕಿದರೆ ಅದರ ಜೊತೆ ಒಂದು ಕಾಗದವೂ ಕುಣಿಯಿತು. ನಮ್ಮ ಕಟ್ಟಡ ಸಂಘದ ಕಾರ್ಯದರ್ಶಿಯ ನೋಟಿಸ್. ‘ತುಕ್ಕು ಹಿಡಿದು ಅಂಗಳದ ಅಂದಗೆಡಿಸುತ್ತಿರುವ ಈ ವಾಹನವನ್ನು ಇಪ್ಪತ್ತನೆಯ ತಾರೀಖಿನೊಳಗೆ ಸರಿಪಡಿಸದಿದ್ದರೆ, ಯಾವ ಕಾರಣವನ್ನೂ ಕೇಳದೆ, ಯಾವ ಕನಿಕರವನ್ನೂ ತೋರದೆ ಎಳೆದೊಯ್ಯಲಾಗುವುದು.’

ಹೇಳುತ್ತಿರುವುದು ಯಾರು? ಹತ್ತೊಂಬತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ಚಕ್ರವಿಲ್ಲದ ವ್ಯಾನನ್ನು ಇಟ್ಟಿಗೆಗಳ ಮೇಲೆ ನಾಲ್ಕು ವರ್ಷ ನಿಲ್ಲಿಸಿದ್ದ ಇದೇ ಮಹಾಶಯ. ಬೆಕ್ಕು ಅದರೊಳಗೆ ಮೂರು ಸಲ ಮರಿ ಹಾಕಿತ್ತು. ಮರೆತಿಲ್ಲ ನಾನು. ಪತ್ರಿಕೆಗೆ ಪತ್ರವನ್ನೂ ಬರೆದಿದ್ದೆ.

ಒಂದು ಒಪ್ಪಬೇಕು — ನೋಟಿಸಿನ ಭಾಷೆ ಚೆನ್ನಾಗಿದೆ. ಆತನಿಗೆ ಬರುವಂಥದ್ದಲ್ಲ. ಎಲ್ಲಿಂದಲೋ ಕದ್ದದ್ದು.

ಮಾರ್ಚ್ 4

ಆಮೆ ಹೋದರೆ ನನ್ನ ಗುರುವಾರವೂ ಹೋಯಿತು. ಮನೆಯಿಂದ ಹೊರಬರಲಾಗದ ಹನ್ನೊಂದು ಜನ, ತಲಾ ಎರಡು ಪುಸ್ತಕ. ಲೈಬ್ರರಿಯಿಂದ ನಿವೃತ್ತಳಾದ ಮೇಲೆ ಮಾಡುತ್ತಿರುವ ಒಂದೇ ಒಳ್ಳೆಯ ಕೆಲಸ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗು ಎಂದರು ಇವರು. ದಪ್ಪ ಕಾದಂಬರಿಯ ತೂಕ ನನ್ನ ಗಂಡನಿಗೆ ಹೇಗೆ ಗೊತ್ತಾಗಬೇಕು — ಒಂದನ್ನಾದರೂ ಎತ್ತಿದ್ದರೆ ತಾನೆ.

ಗ್ಯಾರೇಜಿನವನು ಬಣ್ಣಕ್ಕೆ ಹೇಳಿದ ರೇಟಿಗೆ ಇನ್ನೊಂದು ಆಮೆಯೇ ಬರುತ್ತದೆ. ಮನೆಯಲ್ಲೇ ಹೊಡೆಯುವುದೆಂದು ತೀರ್ಮಾನ. ಸ್ಪ್ರೇ ಗನ್ ಬೇಕು. ಅಗ್ಗದ್ದು, ಆದರೆ ಕೈಕೊಡದ್ದು.

ಮಾರ್ಚ್ 7

ಮೂರು ದಿನ ಬರೀ ಓದು. ನಲವತ್ತು ರಿವ್ಯೂ. ಅರ್ಧ ಜನ ಬೇಲಿಗೆ ಹೊಡೆದವರು, ಉಳಿದವರು ಡಬ್ಬಿಯನ್ನೇ ತೆರೆಯದವರು. ‘ಪ್ಯಾಕಿಂಗ್ ಚೆನ್ನಾಗಿದೆ, ಐದು ಸ್ಟಾರ್’... ಓದುಬರಹ ಕಲಿಸಿದ್ದು ಇದಕ್ಕೇನು?

ಕೊನೆಗೆ ಬಣ್ಣದ ಅಂಗಡಿಗೇ ಹೋದೆ. ಪ್ಲಗ್ಗಿಗೆ ಹಾಕಿ ಹೊಡೆಯುವ ಅಗ್ಗದ ಗನ್ ಕೇಳಿದೆ. ಅದು ಗೋಡೆಗೆ ಸರಿ, ಕಾರಿಗೆ ಹೊಡೆದರೆ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿಯಾಗುತ್ತದೆ ಎಂದ ಅಂಗಡಿಯವನು. ಹಾಗಾದರೆ ಗ್ಯಾರೇಜಿನವರ ದೊಡ್ಡದನ್ನೇ ಕೊಡಿ ಎಂದೆ. ನಕ್ಕ.

‘ಅಕ್ಕಾ, ಗನ್ ಆಮೇಲೆ ನೋಡಿ. ಮೊದ್ಲು ನಿಮ್ಮನೇಲಿ ಗಾಳಿ ಎಷ್ಟಿದೆ ಹೇಳಿ.’

ಗನ್ ದೊಡ್ಡದಾದಷ್ಟೂ ಗಾಳಿ ಹೆಚ್ಚು ಕುಡಿಯುತ್ತದಂತೆ, ಅದಕ್ಕೆ ತಕ್ಕ ಕಂಪ್ರೆಸರ್ ಬೇಕಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು — ಅಷ್ಟೇ. ನಲವತ್ತು ರಿವ್ಯೂಗಳಲ್ಲಿ ಒಬ್ಬನೂ ಹೇಳಿರಲಿಲ್ಲ.

ಮಾರ್ಚ್ 9

ಗಾಳಿ ಸಿಕ್ಕಿತು. ನಾದಿನಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ. ಬಾಯೊಳಗೆ ಬಿಡುವ ಗಾಳಿ, ಎಣ್ಣೆಯ ಹನಿಯೂ ಇಲ್ಲದ್ದು. ಕಂಪ್ರೆಸರಿನ ಟ್ಯಾಂಕ್ ಮಾತ್ರ ಪುಟ್ಟದು. ಭಾನುವಾರ ಕ್ಲಿನಿಕ್ಕಿಗೆ ರಜೆ, ಆವತ್ತು ಕೊಡುತ್ತಾಳೆ.

‘ಸೋಮವಾರ ಒಂಬತ್ತಕ್ಕೆ ವಾಪಸ್ ಬರ್ಬೇಕು ಅತ್ತಿಗೆ. ಇಲ್ಲಾಂದ್ರೆ ಮೊದ್ಲು ಕೀಳೋದು ನಿಮ್ಮ ಹಲ್ಲೇ.’

ಟ್ಯಾಂಕಿನ ಅಳತೆ ಕೇಳಿ ಅಂಗಡಿಯವನು ಕಡಿಮೆ ಗಾಳಿಯಲ್ಲಿ ನಡೆಯುವ ಪುಟ್ಟ ಗನ್ ಕೊಟ್ಟ. ತಲೆಯ ಮೇಲೆ ಲೋಟದಷ್ಟು ಬಟ್ಟಲು. ನೋಡಿದ ಮೂರರಲ್ಲಿ ಅದೇ ಅಗ್ಗ. ಜೊತೆಗೆ ಒಂದು ಮಾಸ್ಕ್, ನೀಲಿ ಬಣ್ಣ.

ಮಾರ್ಚ್ 14

ಐದು ದಿನ ತುಕ್ಕು ಉಜ್ಜಿದೆ. ತೋಳು ಯಾರದೋ, ನೋವು ನನ್ನದು.

ಮಾರ್ಚ್ 15, ಮಧ್ಯಾಹ್ನ

ಬೆಳಿಗ್ಗೆ ನಾನು ಕಂಪ್ರೆಸರ್ ತರುವಷ್ಟರಲ್ಲಿ ಇವರು ಗಾಜುಗಳಿಗೆಲ್ಲ ಪೇಪರ್ ಅಂಟಿಸಿ ಮುಗಿಸಿದ್ದರು. ಹೊಗಳಿದೆ. ದುಡುಕಿದೆ.

ಮೊದಲು ರಟ್ಟಿನ ಮೇಲೆ ಹೊಡೆದೆ. ಗನ್ ಒಮ್ಮೆ ಕೆಮ್ಮಿತು, ಆಮೇಲೆ ಮಂಜಿನ ಹಾಗೆ ನಯವಾಗಿ ಬಿಟ್ಟಿತು. ಒಂದು ಬಾಗಿಲು ಆಗುವುದರೊಳಗೆ ಟ್ಯಾಂಕ್ ಖಾಲಿ. ತುಂಬುವವರೆಗೆ ಚಹಾ. ಮತ್ತೊಂದು ಬಾಗಿಲು. ಮತ್ತೊಂದು ಚಹಾ.

ಮೂರನೆಯ ಲೋಟ ಹಿಡಿದು ದೂರ ನಿಂತು ನೋಡಿದೆ... ಗಾಜಿನ ಮೇಲೆ ನಾನು! ಹಿಂದಿನ ಗಾಜಿನಲ್ಲಿ ಚರಂಡಿಯ ಬಗ್ಗೆ, ಪಕ್ಕದ ಗಾಜಿನಲ್ಲಿ ಬೀದಿದೀಪದ ಬಗ್ಗೆ. ಮಂಚದ ಕೆಳಗಿನ ಕಟ್ಟು! ಮೂವತ್ತು ವರ್ಷ ಸಂಪಾದಕರಿಗೆ ಬರೆದ ಪತ್ರಗಳು ಅಚ್ಚಾದ ಪುಟಗಳು. ಹಳೇ ಪೇಪರ್ ಅಂದುಕೊಂಡೆ ಎಂದರು ಇವರು. ಕಿತ್ತರೆ ಹಸಿ ಬಣ್ಣ ಹಾಳು. ಹಲ್ಲು ಕಚ್ಚಿ ನಾಲ್ಕನೆಯ ಬಾಗಿಲು ಹೊಡೆದೆ.

ಅದೇ ದಿನ, ಸಂಜೆ 5

ಕಾರ್ಯದರ್ಶಿ ಬಂದರು. ಕೈ ಹಿಂದೆ ಕಟ್ಟಿ ಆಮೆಗೊಂದು ಸುತ್ತು. ಮುಂದಿನ ಗಾಜಿನೆದುರು ನಿಂತು ಕನ್ನಡಕ ಹಾಕಿಕೊಂಡರು. ನನಗೆ ಒಳಗೊಳಗೇ ಖುಷಿ — ಅಲ್ಲೇ ಇತ್ತು ಅವರ ವ್ಯಾನಿನ ಪತ್ರ. ಓದಲಿ, ಚೆನ್ನಾಗಿ ಓದಲಿ.

ಓದಿದರು, ಗಟ್ಟಿಯಾಗಿ. ‘ಇಂಥ ವಾಹನವನ್ನು ಯಾವ ಕಾರಣವನ್ನೂ ಕೇಳದೆ, ಯಾವ ಕನಿಕರವನ್ನೂ ತೋರದೆ ಎಳೆದೊಯ್ಯಬೇಕು.’ ಕೆಳಗೆ ನನ್ನ ಹೆಸರು.

ಕದ್ದದ್ದು ನನ್ನಿಂದಲೇ.

‘ಇಷ್ಟು ವರ್ಷ ಕತ್ತರಿಸಿ ಪರ್ಸಲ್ಲಿಟ್ಕೊಂಡಿದ್ದೆ ಮೇಡಂ. ನೋಟಿಸ್ ಬರೆಯೋಕೆ ಕೂತ್ರೆ ಇದಕ್ಕಿಂತ ಒಳ್ಳೇ ವಾಕ್ಯ ಹೊಳೀಲಿಲ್ಲ.’ ಕನ್ನಡಕ ತೆಗೆದು ಹೇಳಿದರು, ‘ಆ ವ್ಯಾನ್ ಅಪ್ಪಂದು. ಎಂಜಿನ್ ಹಾಕ್ಸೋಣ ಅಂತಿದ್ದೆ. ಪತ್ರ ಬಂದ ವಾರಾನೇ ಎಳ್ಕೊಂಡು ಹೋದ್ರು.’

ಬೆಕ್ಕಿನ ಮರಿಗಳ ಲೆಕ್ಕ ನೆನಪಿತ್ತು ನನಗೆ. ಇದನ್ನು ಮಾತ್ರ ಎಂದೂ ಕೇಳಿಯೇ ಇರಲಿಲ್ಲ. ಮುಖಕ್ಕೆ ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

‘ತಪ್ಪಾಯ್ತು’ ಎಂದೆ.

‘ಅದಿರ್ಲಿ, ಬಲಗಡೆ ಬಾಗಿಲಲ್ಲಿ ಬಣ್ಣ ಇಳೀತಿದೆ ನೋಡಿ’ ಎಂದರು. ನಿಜವೇ. ಆಮೇಲೆ ಬಾನೆಟ್ ಮುಗಿಯುವವರೆಗೂ ಪೈಪು ಹಿಡಿದುಕೊಂಡು ನಿಂತರು. ಎರಡು ಚಹಾ ಕುಡಿದರು.

ಮಾರ್ಚ್ 16

ಎಂಟೂ ಐವತ್ತಕ್ಕೆ ಕಂಪ್ರೆಸರ್ ವಾಪಸ್. ಹಲ್ಲುಗಳು ಕ್ಷೇಮ.

ಮಾರ್ಚ್ 19, ಗುರುವಾರ

ಹನ್ನೊಂದು ಮನೆ, ಇಪ್ಪತ್ತೆರಡು ಪುಸ್ತಕ. ಮಹಡಿಯ ಕಿಟಕಿಯಿಂದ ನೋಡುವ ಅಜ್ಜಿ ಹೊಸ ಕಾರೇ ಎಂದು ಕೇಳಿದರು. ಹತ್ತಿರದಿಂದ ನೋಡಿದರೆ ಬಲಬಾಗಿಲಲ್ಲಿ ಒಂದು ಕಣ್ಣೀರಿನ ಗೆರೆ ಇದೆ. ಉಜ್ಜಲಿಲ್ಲ, ಇರಲಿ ಎಂದು ಬಿಟ್ಟೆ.

ಮಾರ್ಚ್ 20, ಸಂಜೆ

ಕೊನೆಯ ದಿನ. ಕಾರ್ಯದರ್ಶಿ ಬಂದು ಆಮೆಯ ನೋಟಿಸನ್ನು ನನ್ನೆದುರೇ ಹರಿದರು. ಹರಿದ ಮೇಲೂ ಹೋಗಲಿಲ್ಲ. ಕೆಮ್ಮಿದರು — ಥೇಟ್ ಗನ್ನಿನ ಹಾಗೆ. ಅವರ ಮನೆಯ ಗೇಟಿಗೆ ಬಣ್ಣ ಹೊಡೆಯಬೇಕಂತೆ, ಗನ್ ಸಿಕ್ಕೀತೇ ಎಂದು. ಗಾಳಿ ಎಷ್ಟಿದೆ ಎಂದು ಕೇಳಿದೆ, ದೊಡ್ಡ ತಜ್ಞಳ ಹಾಗೆ.

ಕೊಡುತ್ತೇನೆ. ಆದರೆ ನಿಯಮ ನಿಯಮವೇ. ಬಾಗಿಲಲ್ಲಿ ಕಾಯುತ್ತಿದ್ದಾರೆ, ಗನ್ನಿಗೆ ಕಟ್ಟಲು ಚೀಟಿ ಬರೆಯಬೇಕು. ಮೊದಲು ಇಲ್ಲಿ ಕರಡು: ‘ಈ ಗನ್ನನ್ನು ಭಾನುವಾರದೊಳಗೆ ತೊಳೆದು ಹಿಂತಿರುಗಿಸದಿದ್ದರೆ, ಯಾವ ಕಾರಣವನ್ನೂ ಕೇಳದೆ, ಯಾವ...’ ಅಯ್ಯೋ, ಮತ್ತೆ ಅದೇ ವಾಕ್ಯ!