ಅಬಾಯಾಂಗ್‌ಗೆ ಹೋದ ಚಿನ್ನದ ನಾಣ್ಯ

ಬೇಸಿಯೊ, ತರಾವಾ
ಜುಲೈ 30

ಪ್ರೀತಿಯ ನಬುವಾಕ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ನಿಮ್ಮ ಹಡಗಿನ ಅಡುಗೆಯವನು ಈಗಲಾದರೂ ಅನ್ನ ಬೇಯಿಸಲು ಕಲಿತನೇ? ನಿನ್ನಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ನಮ್ಮ ತೇಮಾಳ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ಅಜ್ಜನೇ. ನನಗೆ ಕಾಯಿಲೆ ಏನಿಲ್ಲ, ಬರೀ ಸುಸ್ತು.

ಸ್ವಾತಂತ್ರ್ಯದ ಹಬ್ಬದಂದು ಸರ್ಕಾರದವರು ಮಾವನನ್ನು ಸಭಾಮನೆಗೆ ಕರೆದು ಚಿನ್ನದ ನಾಣ್ಯ ಕೊಟ್ಟದ್ದನ್ನು ಫೋನಿನಲ್ಲಿ ಹೇಳಿದ್ದೆನಲ್ಲ. ನಮ್ಮ ಹಿರಿಯರು ಪೆಸಿಫಿಕ್ ಸಾಗರ ದಾಟಿದ ನೆನಪಿಗೆ ಮಾಡಿಸಿದ್ದು. ಒಂದು ಕಡೆ ಹಾಯಿ ಬಿಚ್ಚಿದ ದೊಡ್ಡ ದೋಣಿ, ಮೇಲೆ ನಕ್ಷತ್ರಗಳು. ನಕ್ಷತ್ರ ನೋಡಿ ದೋಣಿ ನಡೆಸಬಲ್ಲವರು ಮಾವನಂಥ ಕೆಲವರೇ ಉಳಿದಿರುವುದು. ಆದರೆ ಅದನ್ನು ಕಂಡ ಗಳಿಗೆಯಿಂದ ನಾನು ಬೇರೆಯೇ ಆಸೆ ಕಟ್ಟಿಕೊಂಡಿದ್ದೆ. ಅದನ್ನು ಮಾರಿ ಮೋಟಾರು ದೋಣಿ ಕೊಂಡರೆ ನೀನು ಇಲ್ಲೇ ಮೀನು ಹಿಡಿಯಬಹುದು, ಇನ್ನೊಂದು ಹಡಗಿಗೆ ಸಹಿ ಹಾಕಬೇಕಿಲ್ಲ. ಮಾವನೂ ಹೂಂ ಅಂದಿದ್ದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿನ್ನ ಚಿಕ್ಕಪ್ಪನ ಮಗಳು ತರಾಯ ಬಂದು ಚಾಪೆಯ ಮೇಲೆ ಕೂತಳು. ಮೀನು ತಿಂದು ನನ್ನ ಕೈರುಚಿ ಹೊಗಳಿದಳು, ಏನೋ ಕೇಳಲು ಬಂದಿದ್ದಾಳೆ ಎಂದು ನನಗೆ ಆಗಲೇ ಗೊತ್ತಾಯಿತು. ಆಮೇಲೆ, "ದೊಡ್ಡಪ್ಪಾ, ನಂದೊಂದು ಬುಬುಸಿ. ಆ ನಾಣ್ಯ ನಂಗೆ ಬೇಕು" ಅಂದಳು. ನೆಂಟರು ಬಾಯಿಬಿಟ್ಟು ಬುಬುಸಿ ಅಂದ ಮೇಲೆ, ಕೇಳಿದ್ದನ್ನು ಇಲ್ಲ ಅನ್ನುವ ಗಂಡಸು ನಮ್ಮಲ್ಲಿ ಹುಟ್ಟಿದ್ದಾನೆಯೇ? ಮಾವ ನನ್ನ ಮುಖವನ್ನೂ ನೋಡದೆ ಕೊಟ್ಟುಬಿಟ್ಟರು. ವಾರದೊಳಗೆ ಅವಳನ್ನು ಅವಳ ಮೈದುನ ಕೇಳಿದನಂತೆ, ಅವನನ್ನು ಅವನ ಮಾವ ಕೇಳಿದನಂತೆ. ಈಗ ಅದು ಅಬಾಯಾಂಗ್ ದ್ವೀಪ ಸೇರಿದೆ ಎಂದು ಸುದ್ದಿ. "ಸಮುದ್ರ ಸುತ್ತಿದವರ ನಾಣ್ಯ ಕಣಮ್ಮಾ, ಅದೂ ಸುತ್ತಲಿ ಬಿಡು" ಅಂತ ಮಾವ ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಅಕ್ಕಿ ಮೂಟೆ, ಹೊಲಿಗೆ ಯಂತ್ರ, ನಿನ್ನ ರೇಡಿಯೊ ಎಲ್ಲ ಹೀಗೇ ಹೋದವು. ಕೊಟ್ಟೂ ಕೊಟ್ಟೂ ಸಾಕಾಗಿದೆ, ನಬುವಾಕ. ನಾನು ಮಾತ್ರ ಯಾರ ಮನೆ ಚಾಪೆಯ ಮೇಲೂ ಕೂತು ಏನನ್ನೂ ಕೇಳಿದವಳಲ್ಲ.

ಮಾವನ ಆಶೀರ್ವಾದ, ತೇಮಾಳ ಮುತ್ತುಗಳು. ಅಲ್ಲಿ ಚಳಿಯಂತೆ, ಬರಿಗಾಲಲ್ಲಿ ಓಡಾಡಬೇಡ.

ನಿನ್ನ
ಅಕೋಯ

ಅಂಟಿಸುವ ಮುಂಚೆ ಒಂದು ಮಾತು: ಹಡಗಿನವರು ಮತ್ತೆ ನಿನ್ನ ಸಹಿ ಕೇಳಿದ್ದಾರೆಂದು ನಿನ್ನ ಜೊತೆಯವನ ಹೆಂಡತಿ ಹೇಳಿದಳು. ಗಂಡ ಹೆಂಡಿರ ನಡುವೆ ಎಂಥ ಬುಬುಸಿ ಅಂತ ಊರು ನಗುತ್ತದೆ. ನಗಲಿ. ನಬುವಾಕ, ನಂದೊಂದು ಬುಬುಸಿ. ಸಹಿ ಹಾಕಬೇಡ. ನೀನು ನನಗೆ ಬೇಕು.