ರಸ್ತೆ ದಾಟುವ ಕಾರಣ

ರಸ್ತೆ ವಿಭಾಗದ ಅಧಿಕಾರಿಗಳಿಗೆ ನಮಸ್ಕಾರ.

ಹೊಸ ಬಡಾವಣೆಯ ಲಾರಿ, ಕಾರುಗಳಿಂದಾಗಿ ನಮ್ಮ ರಸ್ತೆ ದಾಟುವಂತಿಲ್ಲ. ನಿಮ್ಮ ದೂರಿನ ಫಾರಂನಲ್ಲಿ ದಾಟುವ ಕಾರಣವೆಂದು ಶಾಲೆ, ಆಸ್ಪತ್ರೆ, ಕೆಲಸ ಇಷ್ಟೇ ಇವೆ. ನನ್ನದು ಸೂಜಿ.

ಹತ್ತಿರದ್ದು ಕಾಣದಾದ ಮೇಲೆ, ದಿನಾ ಬೆಳಿಗ್ಗೆ ಹತ್ತು ಸೂಜಿ ಹಿಡಿದು ನನ್ನ ಹೊಲಿಗೆ ಅಂಗಡಿಯ ಎದುರಿನ ಗಡಿಯಾರ ರಿಪೇರಿಯವರ ಬಳಿ ಹೋಗುತ್ತಿದ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದಕ್ಕೂ ದಾರ ಪೋಣಿಸುತ್ತಿದ್ದರು. "ಅವಸರ ಏನ್ರೀ, ಕೂತ್ಕೊಳ್ಳಿ" ಎನ್ನುತ್ತಿದ್ದರು.

ನಾಲ್ಕು ತಿಂಗಳಿಂದ ಹೋಗಿಲ್ಲ. ಲಾರಿಗಳ ಸಂದಿಯಲ್ಲಿ ಅವರು ಕೈಯೆತ್ತುವುದು ಕಾಣುತ್ತದೆ. ಏನು ಹೇಳುತ್ತಾರೋ ಕೇಳಿಸುವುದಿಲ್ಲ.

ನಮ್ಮಿಬ್ಬರ ಅಂಗಡಿಗಳ ನಡುವೆ ದಾಟಲು ಬಿಳಿ ಪಟ್ಟೆ ಬಳಿಸಿಕೊಡಿ.

ದಾರ ಪೋಣಿಸುವ ಪುಟ್ಟ ಸಾಧನವೊಂದನ್ನು ಮಗಳು ತಂದುಕೊಟ್ಟಿದ್ದಾಳೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸ್ಥಳ ನೋಡಲು ಬಂದಾಗ ದಯವಿಟ್ಟು ಅವರ ಮುಂದೆ ಆ ಮಾತು ಎತ್ತಬೇಡಿ.

ಇತಿ,
ಹೊಲಿಗೆ ಅಂಗಡಿಯಾಕೆ