ಪುಸ್ತಕದಲ್ಲಿಲ್ಲದ ನಿಲುಗಡೆ

ಅಜ್ಜಿ,

ಇವತ್ತು ಚರ್ಚಿನ ಕ್ವಾಯರ್ ಸೇರಿದೆ. ನೀನು ಕರೆದೂ ಕರೆದೂ ಸಾಕಾಗಿ ಸುಮ್ಮನಾಗಿದ್ದೆಯಲ್ಲ, ಅದೇ ಕ್ವಾಯರ್‌ಗೆ. ನೀನು ಹೋದ ಮೇಲೆ ಹಾಡಿಸಲು ಹೊಸ ಮೇಷ್ಟ್ರು ಬಂದಿದ್ದಾರೆ, ಬಲು ಶಿಸ್ತಿನವರು. ಅಭ್ಯಾಸಕ್ಕೆ ಆರಿಸಿದ್ದು, ನೀನು ಪಾತ್ರೆ ತೊಳೆಯುತ್ತ ಹಾಡುತ್ತಿದ್ದ ಅದೇ ಹಾಡು. ಮೂರನೆಯ ಸಾಲಿನ ನಡುವೆ ಎಲ್ಲರೂ ಗಕ್ಕನೆ ನಿಂತರು. ಮೇಷ್ಟ್ರ ಕೀಬೋರ್ಡ್ ಒಂದೇ ಮುಂದೆ ಹೋಯಿತು.

"ಇಲ್ಲಿ ಯಾಕ್ರೀ ನಿಲ್ತೀರಾ? ಪುಸ್ತಕದಲ್ಲಿ ಹಾಗಿಲ್ವಲ್ಲ!"

ಎಲ್ಲರೂ ಮುಖ ಮುಖ ನೋಡಿಕೊಂಡರು. ಅಲ್ಲಿದ್ದ ಅರ್ಧಕ್ಕರ್ಧ ಜನ ಒಂದನೇ ಕ್ಲಾಸಿನಲ್ಲಿ ನಿನ್ನಿಂದ ಕಿವಿ ಹಿಂಡಿಸಿಕೊಂಡವರು. ಹಾಡನ್ನೂ ನಿನ್ನ ಬಾಯಿಂದಲೇ ಕಲಿತವರು. ಕೊನೆಗೆ ಅವರಲ್ಲೊಬ್ಬ, ನಮ್ಮೂರ ಬಡಗಿ, ಎದ್ದ, ಈಗಲೂ ನಿನ್ನೆದುರು ನಿಂತ ಹಾಗೆ ಕೈಕಟ್ಟಿಕೊಂಡು.

"ಟೀಚರ್‌ಗೆ ಉಬ್ಬಸ ಇತ್ತು ಸಾರ್. ಅಲ್ಲಿ ಉಸಿರು ತಗೋತಿದ್ರು. ನಾವೂ ಹಾಗೇ ಕಲಿತುಬಿಟ್ವಿ."

ಮೇಷ್ಟ್ರು ನಗಲಿಲ್ಲ, ತಿದ್ದಿದರು. ಎರಡನೆಯ ಸಲ ಎಲ್ಲರೂ ಆ ಜಾಗವನ್ನು ನಿಲ್ಲದೆ ದಾಟಿದರು. ನೀನಿದ್ದಿದ್ದರೂ ಭೇಷ್ ಎನ್ನುತ್ತಿದ್ದೆ.

ನಿಂತವಳು ನಾನೊಬ್ಬಳೇ. ಆಮೇಲೆ ಹಾಡನ್ನು ಹಿಡಿಯಲಾಗಲಿಲ್ಲ.